ಹೊಸ್ತಿಲಿಲ್ಲದ ಬಚ್ಚಲು

ಡುಲೂತ್ ಊರಿನ ಏರುಬೀದಿಗಳಲ್ಲಿ ನನ್ನದು ಮನೆಮುರುಕನ ಕೆಲಸ.
ಬೆಳಿಗ್ಗೆ ಏಳಕ್ಕೆ ಸುತ್ತಿಗೆ ಹಿಡಿದು ಬರುತ್ತೇನೆ.
ಕರೆದವರೇ ಬಾಗಿಲು ತೆಗೆದು, ಕಾಫಿ ಕೊಟ್ಟು,
ಎಲ್ಲಿಂದ ಒಡೆಯಬೇಕೆಂದು ತೋರಿಸುತ್ತಾರೆ.
ಮನೆ ಕಟ್ಟಿ ನೋಡು ಅಂದವರು
ಒಡೆದು ನೋಡಿರಲಿಕ್ಕಿಲ್ಲ.

ಮೊನ್ನೆ ಮೊನ್ನೆಯವರೆಗೆ ಎಲ್ಲರಿಗೂ ಬೂದು ಬೇಕಿತ್ತು.
ನೆಲ ಬೂದು, ಗೋಡೆ ಬೂದು,
ಕಿಟಕಿಯಾಚೆ ಸರೋವರವೂ
ನವೆಂಬರಿನಲ್ಲಿ ಬಿಟ್ಟಿಯಾಗಿ ಬೂದು.
ಈ ವರ್ಷ ಪಾಚಿಹಸಿರು, ಹಿತ್ತಾಳೆ ನಲ್ಲಿ,
ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯೇ ಬೇಡ,
ಮೀನು ಹುರಿದರೆ ಮಂಚಕ್ಕೂ ಗೊತ್ತಾಗಬೇಕು.
ಮೂರು ವರ್ಷದ ಹಿಂದೆ ನಾನೇ ಹಾಸಿದ ಹಲಗೆ
ನಾನೇ ಕಿತ್ತೆ. ಎರಡು ಸಲ ಕೂಲಿ. ದೂರಿಲ್ಲ.

ಮಾರ್ಲಿಸ್ ಹೌಗೆನ್ ಕೇಳಿದ್ದು ಬೇರೆ.
ಊರುಗೋಲಿನಿಂದ ತೋರಿಸಿ
"ಈ ತೊಟ್ಟಿ ತೆಗಿ" ಅಂದಳು.
"ಕಾಲೆತ್ತಿ ದಾಟುವಂಥದ್ದು ಒಂದೂ ಇರಬಾರದು.
ನೀರು ಹರಿದುಹೋಗುವಷ್ಟು ಇಳಿಜಾರು,
ನಾನು ಹೋಗದಷ್ಟು."

ಗಂಡ ಆರಿನ್‌ಗೆ ಲೆಕ್ಕದ ಹುಚ್ಚು.
ಬೆಲೆ ಕಟ್ಟುವ ಪೆಟ್ರಿಚ್‌ನನ್ನು ಕರೆಸಿದ್ದ.
ಅವನು ಬಂದು ಟೇಪು ಎಳೆದ, ಗೋಡೆ ತಟ್ಟಿದ, ಲೊಚಗುಟ್ಟಿದ.
ಗ್ಯಾರೇಜಿಗೆ ಹೊಸ ಬಾಗಿಲು ಹಾಕಿಸಿ, ಹಾಕಿದ್ದು ವಾಪಸು ಬರುತ್ತೆ.
ಅಡುಗೆಕಟ್ಟೆಗೆ ಕಲ್ಲು ಹಾಸಿಸಿ, ಅರ್ಧ ಬರುತ್ತೆ.
ಇಡೀ ಮನೆಗೆ ತೊಟ್ಟಿ ಇದೊಂದೇ, ತೆಗೆದರೆ
ಮಕ್ಕಳಿರುವವರು ಕೊಳ್ಳಲು ಬರುವುದಿಲ್ಲ.
ಬೆಲೆ ಇಳಿಯುತ್ತೆ.

"ಬೆಲೆ ಬಾಳೋದು ಮನೆ," ಅಂದಳು ಮಾರ್ಲಿಸ್.
"ಬಾಳೋದು ನಾನು."

ಗುರುವಾರ ಕನ್ನಡಿ ಕಪಾಟು ಕಿತ್ತಾಗ
ಗೋಡೆಯೊಳಗಿಂದ ಸುರಿದವು
ಕ್ಷೌರದ ಬ್ಲೇಡುಗಳು, ತುಕ್ಕು ಹಿಡಿದು
ಒಂದಕ್ಕೊಂದು ಕಚ್ಚಿಕೊಂಡು, ಬಕೆಟ್ ತುಂಬ.
ಹಳೆಯ ಕಪಾಟುಗಳ ಬೆನ್ನಿಗೆ ಒಂದು ಸೀಳು ಇರುತ್ತಿತ್ತು.
ಮೊಂಡಾದದ್ದನ್ನು ಅಲ್ಲಿ ತೂರಿಸಿದರೆ ಮುಗಿಯಿತು,
ಗೋಡೆ ನುಂಗಿಕೊಳ್ಳುತ್ತಿತ್ತು.
ಯಾರೋ ಒಬ್ಬ, ಇವರಿಗೂ ಮುಂಚಿನವನು,
ಅದಿರು ಹಡಗಿನ ಪಾಳಿಗೆ ಹೊರಡುವ ಮೊದಲು
ಕೆನ್ನೆಯುಬ್ಬಿಸಿ ನಿಂತ ಬೆಳಗುಗಳು.
ಮದುವೆಯ ದಿನದ್ದು ಯಾವುದು,
ಕೆಲಸ ಹೋದ ಮರುದಿನದ್ದು ಯಾವುದು?
ಪೆಟ್ರಿಚ್ ತನ್ನ ಹಾಳೆಯಲ್ಲಿ ಆ ಗೋಡೆಗೆ
"ಟೊಳ್ಳು" ಎಂದು ಬರೆದಿದ್ದ.

ಆರಿನ್ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತ.
ಬಹಳ ಹೊತ್ತು ತನ್ನ ಗಲ್ಲ ಸವರಿಕೊಂಡ.
"ಇದನ್ನ ಎಸೆಯೋದಕ್ಕೂ ದುಡ್ಡು ಕೇಳ್ತೀಯಾ?"
ಗುಜರಿ ರೇಟಿಗೆ ವಜಾ ಮಾಡ್ಕೋ ಅಂದೆ.

ಇಳಿಜಾರು ಎನ್ನುವುದು ಕಣ್ಣಿಗೆ ಕಾಣಬಾರದು, ನೀರಿಗೆ ಕಾಣಬೇಕು.
ಎರಡು ಸಲ ಹಾಸಿದೆ, ಒಂದು ಸಲ ಕಿತ್ತೆ,
ಗೋಲಿ ಉರುಳಿಸಿ ನೋಡಿದೆ:
ಬಾಗಿಲಿನಿಂದ ಹೊರಟು, ಯೋಚಿಸಿ,
ಜಾಲರಿಯ ಹತ್ತಿರ ಹೋಗಿ ನಿಂತಿತು.
ಮೂಲೆಯ ಒಂದು ಟೈಲ್ಸು ಕೂದಲೆಳೆಯಷ್ಟು ಓರೆ.
ನನಗೆ ಗೊತ್ತು. ಇನ್ನು ನಿಮಗೂ.

ಕಡೆಯ ಕಂತಿಗೆ ಕಾದು
ಮೆಟ್ಟಿಲ ಮೇಲೆ ಕೂತಿದ್ದೆವು, ಅವನೂ ನಾನೂ.
ಒಳಗೆ ನೀರಿನ ಸದ್ದು.
ಎರಡು ವರ್ಷ ದಿನಾ ಅವಳನ್ನೆತ್ತಿ ಆ ಅಂಚು ದಾಟಿಸಿದ ಕೈ
ಚೆಕ್ಕುಪುಸ್ತಕದ ಮೇಲೆ ಸುಮ್ಮನೆ ಬಿದ್ದಿತ್ತು.
ಹತ್ತು ನಿಮಿಷ. ಇಪ್ಪತ್ತು.
"ಬಿಸಿನೀರು ಮುಗಿಯುತ್ತೆ" ಅಂದ.
ಎದ್ದು ಬಾಗಿಲವರೆಗೆ ಹೋದ, ತಟ್ಟಲಿಲ್ಲ, ತಿರುಗಿ ಬಂದ.
"ಇನ್ನೂ ಕರೆದಿಲ್ಲ" ಅಂದ,
ನನಗಲ್ಲ, ಚೆಕ್ಕಿಗೆ.

ಆಮೇಲೆ ಪೆನ್ನು ತೆಗೆದು
ತಾರೀಖು ಬರೆದು, ನನ್ನ ಹೆಸರು ಬರೆದು
ಅಲ್ಲೇ ನಿಂತ.
"ಎಷ್ಟು ಅಂದೆ?"